30 ಸೆಕೆಂಡ್‌ಗಿಂತ ಕಡಿಮೆ ಮ್ಯೂಸಿಕ್ ಹಾಕಿದರೆ ಕಾಪಿರೈಟ್ ಬರಲ್ಲವೇ?

‘ವಿಡಿಯೊಗೆ 30 ಸೆಕೆಂಡ್ ಒಳಗಿನ ಮ್ಯೂಸಿಕ್ ಹಾಕಿದರೆ ಕಾಪಿರೈಟ್ ಸಮಸ್ಯೆ ಇಲ್ಲ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನಮಗೆ ಇದನ್ನು ಕಳಿಸಿದವರು ಬನಶಂಕರಿಯಲ್ಲಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುವ ಓದುಗರೊಬ್ಬರು. ತಮ್ಮ ರೀಲ್‌ಗೆ ಎಲ್ಲೋ ಸಿಕ್ಕ ಖುಷಿಖುಷಿಯ ಯುಕುಲೇಲೆ ಸಂಗೀತ ಹಾಕಿದ್ದರು, ಬರೀ 22 ಸೆಕೆಂಡ್. ಮರುದಿನ ನೋಡಿದರೆ ವಿಡಿಯೊದ ಸದ್ದೇ ಇಲ್ಲ. ಹಬ್ಬದ ಆರ್ಡರ್ ಬರುವ ವಾರವೇ ಹೀಗಾಯಿತು ಅನ್ನೋದು ಅವರ ಬೇಸರ.

ಈ ಸಂದೇಶ ಸುಳ್ಳು. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ 30 ಸೆಕೆಂಡ್ ಎಂಬ ವಿನಾಯಿತಿಯೇ ಇಲ್ಲ. ಸೆಕ್ಷನ್ 52ರಲ್ಲಿ ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ವರದಿ ಮುಂತಾದ ಉದ್ದೇಶಗಳಿಗೆ ಕೆಲವು ವಿನಾಯಿತಿಗಳಿವೆ. ಅಲ್ಲಿ ಯಾಕೆ ಬಳಸಿದಿರಿ ಅನ್ನೋದು ಮುಖ್ಯ, ಇಷ್ಟು ಸೆಕೆಂಡ್ ಎಂಬ ಲೆಕ್ಕವಿಲ್ಲ. ‘ಕ್ರೆಡಿಟ್ ಟು ಓನರ್’ ಅಂತ ಬರೆದರೂ ಅನುಮತಿ ಸಿಕ್ಕಂತಾಗಲ್ಲ.

ನಮ್ಮೂರಲ್ಲೇ ನಡೆದ ಪ್ರಕರಣ ನೆನಪಿರಬಹುದು. ‘ಕೆಜಿಎಫ್ ಚಾಪ್ಟರ್ 2’ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರಿತ್ತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್‌ನ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ನಿರ್ಬಂಧಿಸಲು ಆದೇಶಿಸಿತು. ಮರುದಿನ ಹೈಕೋರ್ಟ್ ಅದನ್ನು ರದ್ದು ಮಾಡಿತಾದರೂ, ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತು ಹಾಕಿತು. ರಾಷ್ಟ್ರೀಯ ಪಕ್ಷಕ್ಕೆ ವಕೀಲರಿರುತ್ತಾರೆ, ಚಕ್ಕುಲಿ ಮಾರುವವರಿಗೆ ಎಲ್ಲಿ?

ಅಷ್ಟಕ್ಕೂ ಎಲ್ಲರೂ ಯುಕುಲೇಲೆಯನ್ನೇ ಯಾಕೆ ಹಾಕುತ್ತಾರೆ? ಜಯನಗರದ ಕೇಕ್ ಇರಲಿ, ಜೆ.ಪಿ. ನಗರದ ಪ್ಲೇಹೋಮ್ ಇರಲಿ, ಅದೇ ಸದ್ದು. ಇದಕ್ಕೆ ವಾದ್ಯದ ರಚನೆಯಲ್ಲೇ ಕಾರಣವಿದೆ. 1879ರಲ್ಲಿ ಹವಾಯಿಗೆ ಬಂದ ಪೋರ್ಚುಗೀಸ್ ವಲಸಿಗರು ತಂದ ಪುಟ್ಟ ತಂತಿವಾದ್ಯದಿಂದ ಹುಟ್ಟಿದ್ದು ಯುಕುಲೇಲೆ. ಇದಕ್ಕಿರುವುದು ನಾಲ್ಕೇ ತಂತಿ. ಗಿಟಾರ್‌ನ ಅತಿ ಕೆಳಗಿನ ಸ್ವರ ಸುಮಾರು 82 ಹರ್ಟ್ಸ್ ಆದರೆ, ಸಾಮಾನ್ಯ ಶ್ರುತಿಯಲ್ಲಿರುವ ಯುಕುಲೇಲೆಯದ್ದು ಶುರುವಾಗುವುದೇ ಸುಮಾರು 262 ಹರ್ಟ್ಸ್‌ನಿಂದ. ಫೋನಿನ ಚಿಕ್ಕ ಸ್ಪೀಕರ್‌ಗೆ ಕೆಳಗಿನ ಸ್ವರಗಳು ಎಟುಕುವುದಿಲ್ಲ. ಹಾಗಾಗಿ ಫೋನಿನಲ್ಲಿ ಗಿಟಾರ್ ಸೊರಗುತ್ತದೆ, ಯುಕುಲೇಲೆ ಸೊರಗುವುದಿಲ್ಲ. ಮೀಟಿದ ಸದ್ದು ಬೇಗ ಅಡಗುವುದರಿಂದ ಪುಟಪುಟ ಜಿಗಿದಂತೆ ಕೇಳುತ್ತದೆ. ಚುರುಕು ಲಯ, ಚಪ್ಪಾಳೆ, ಸಿಳ್ಳೆ ಸೇರಿದರೆ ಮುಗೀತು.

ಆದರೆ ಒಂದು ತೊಂದರೆ ಇದೆ. ‘ಸ’, ‘ಚ’, ‘ತ’ದಂಥ ವ್ಯಂಜನಗಳನ್ನು ನಾವು ಗುರುತಿಸುವುದು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ ಮೇಲಿನ ಸದ್ದಿನಿಂದ. ತಂತಿ ಮೀಟುವಾಗಿನ ಚುರುಚುರು ಸದ್ದೂ ಅಲ್ಲೇ ಬರುತ್ತದೆ. ಮಾತಿರುವ ಕಡೆ ಸಂಗೀತ ತಗ್ಗಿಸದಿದ್ದರೆ ಅಜ್ಜಿ ‘ಏನಂದ್ಲೋ’ ಅಂತ ಫೋನನ್ನು ಕಿವಿಗೆ ಹಿಡಿಯಬೇಕಾಗುತ್ತದೆ. ಇನ್ನು ಡೆಂಗಿ ಜ್ವರಕ್ಕೆ ‘ಮನೆಮದ್ದು’ ಹೇಳುವ ಫಾರ್ವರ್ಡ್‌ಗಳಲ್ಲೂ ಇದೇ ಮುದ್ದು ಸಂಗೀತ ಇರುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಸದ್ದು ಹಿತವಾಗಿದೆ ಅಂದಮಾತ್ರಕ್ಕೆ ಮಾಹಿತಿ ಸರಿ ಅಂತಲ್ಲ.

ಹಾಗಾದರೆ ಸಂಗೀತ ಎಲ್ಲಿಂದ ತರಬೇಕು? ಯೂಟ್ಯೂಬ್ ವಿಡಿಯೊಗೆ ಯೂಟ್ಯೂಬ್ ಆಡಿಯೊ ಲೈಬ್ರರಿ, ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ಗೆ ಮೆಟಾ ಸೌಂಡ್ ಕಲೆಕ್ಷನ್ ಇದೆ, ಎರಡೂ ಉಚಿತ. ಒಂದರದ್ದನ್ನು ಇನ್ನೊಂದಕ್ಕೆ ಹಾಕುವ ಮುನ್ನ ಷರತ್ತು ಓದಿ. ಸ್ನೇಹಿತೆಯ ರೀಲ್‌ನಲ್ಲಿ ಕಾಣುವ ಸಿನಿಮಾ ಹಾಡು ನಿಮ್ಮ ಬಿಸಿನೆಸ್ ಖಾತೆಗೆ ಸಿಗದಿದ್ದರೆ ಅದು ಆ್ಯಪ್‌ನ ದೋಷವಲ್ಲ. ವ್ಯಾಪಾರದ ಬಳಕೆಗೆ ಪರವಾನಗಿ ಬೇರೆ.

‘ನೋ ಕಾಪಿರೈಟ್ ಮ್ಯೂಸಿಕ್’ ಎಂಬ ಹೆಸರನ್ನೂ ಪೂರ್ತಿ ನಂಬಬೇಡಿ. ಬಹುತೇಕ ಅವುಗಳಿಗೂ ಹಕ್ಕುದಾರರಿರುತ್ತಾರೆ, ಬಳಸಲು ಬಿಟ್ಟಿರುತ್ತಾರೆ ಅಷ್ಟೇ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ‘ಬಿವೈ’ ಅಂದರೆ ಹೆಸರು ಹಾಕಬೇಕು, ‘ಎನ್‌ಸಿ’ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎನ್‌ಡಿ’ ಅಂದರೆ ವಿಡಿಯೊಗೆ ಜೋಡಿಸುವಂತೆಯೇ ಇಲ್ಲ. ಡೌನ್‌ಲೋಡ್ ಮಾಡಿದ ದಿನ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮುಂದೆ ತಕರಾರು ಬಂದರೆ ತೋರಿಸಬಹುದು.

ನಮ್ಮ ಓದುಗರು ಈ ಸಲ ಯುಕುಲೇಲೆಯನ್ನೇ ಬಿಟ್ಟು, ಎಣ್ಣೆಗೆ ಚಕ್ಕುಲಿ ಬೀಳುವ ಚೊಂಯ್ ಸದ್ದನ್ನಷ್ಟೇ ಇಟ್ಟು ರೀಲ್ ಹಾಕಿದ್ದಾರೆ.