‘ಮಡಿಕೇರಿ ವಾರ ಕೊಟ್ಟು ಬಾಲಿ ವಾರ ತಗೊಳ್ಳಿ’ ಅಂತಾರೆ: ಟೈಮ್‌ಶೇರ್ ಕೊಳ್ಳೋ ಮುಂಚೆ ಈ ಲೆಕ್ಕ ನೋಡಿ

‘ಸರ್, ನೀವು ತುಂಬಿದ ಕೂಪನ್‌ಗೆ ಗಿಫ್ಟ್ ಬಂದಿದೆ. ಭಾನುವಾರ ಮೇಡಂ ಜೊತೆ ಹೋಟೆಲ್‌ಗೆ ಬನ್ನಿ’ ಅಂತ ಫೋನ್ ಬರುತ್ತೆ. ಹೋದವರಿಗೆ ಕಾಫಿ, ತಿಂಡಿ, ಆಮೇಲೆ ಎರಡು ಗಂಟೆ ಭಾಷಣ. ಕೊನೆಗೆ ‘ಈವತ್ತೇ ಸಹಿ ಹಾಕಿದ್ರೆ ಮಾತ್ರ ಈ ರೇಟು’ ಎನ್ನುವ ಮಾತು. ಮಾರಾಟ ಆಗುತ್ತಿರುವುದು ಟೈಮ್‌ಶೇರ್, ಅಂದರೆ ರೆಸಾರ್ಟ್‌ನಲ್ಲಿ ವರ್ಷಕ್ಕೆ ಒಂದು ವಾರ ತಂಗುವ ಹಕ್ಕು.

ಇದು ಹೊಸದೇನಲ್ಲ. 1960ರ ದಶಕದಲ್ಲಿ ಫ್ರಾನ್ಸ್‌ನ ಆಲ್ಪ್ಸ್ ಬೆಟ್ಟಗಳಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ 1986ರಲ್ಲಿ, ಕ್ಲಬ್ ಮಹೀಂದ್ರಾ 1996ರಲ್ಲಿ ಬಂದವು. ‘ಒಂದೇ ಊರಿಗೆ 25 ವರ್ಷ ಯಾರು ಹೋಗ್ತಾರೆ?’ ಅಂತ ಕೇಳಿದರೆ ಸೇಲ್ಸ್‌ನವರ ಹತ್ತಿರ ಉತ್ತರ ರೆಡಿ ಇರುತ್ತೆ: ವಿನಿಮಯ. ನಿಮ್ಮ ವಾರವನ್ನು ಆರ್‌ಸಿಐ ಅಥವಾ ಇಂಟರ್‌ವಲ್ ಇಂಟರ್‌ನ್ಯಾಷನಲ್‌ನಂಥ ವಿನಿಮಯ ಕಂಪನಿಗೆ ಕೊಡಿ, ಬದಲಿಗೆ ಬೇರೆ ದೇಶದ ರೆಸಾರ್ಟ್‌ನಲ್ಲಿ ವಾರ ಪಡೆಯಿರಿ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆರ್‌ಸಿಐ ಜಾಲದಲ್ಲಿ 100ಕ್ಕೂ ಹೆಚ್ಚು ದೇಶಗಳ ರೆಸಾರ್ಟ್‌ಗಳಿವೆ. ಅಷ್ಟರಮಟ್ಟಿಗೆ ಮಾತು ನಿಜ.

ಆದರೆ ಎಲ್ಲಾ ವಾರಕ್ಕೂ ಒಂದೇ ಬೆಲೆ ಸಿಗಲ್ಲ. ಎಪಿಎಂಸಿಗೆ ಮಾಲು ತಂದ ಹಾಗೆ ಇದು. ಬೇಡಿಕೆ ಇದ್ದರೆ ರೇಟು, ಇಲ್ಲದಿದ್ದರೆ ಇಲ್ಲ. ರೆಸಾರ್ಟ್ ಎಲ್ಲಿದೆ, ಯಾವ ಸೀಸನ್, ಕೋಣೆ ಎಷ್ಟು ದೊಡ್ಡದು, ಎಷ್ಟು ತಿಂಗಳು ಮುಂಚೆ ವಾರ ಬಿಟ್ಟುಕೊಟ್ಟಿರಿ, ಇಷ್ಟೂ ಲೆಕ್ಕಕ್ಕೆ ಬರುತ್ತೆ. ಮಳೆಗಾಲದ ಸ್ಟುಡಿಯೋ ಕೋಣೆಯ ವಾರ ಕೊಟ್ಟು ಕ್ರಿಸ್‌ಮಸ್ ರಜೆಯಲ್ಲಿ ಎರಡು ಬೆಡ್‌ರೂಮಿನ ಮನೆ ಕೇಳಿದರೆ ಸಿಗೋದು ಕಷ್ಟ. ಅದಕ್ಕೇ ಕಡಿಮೆ ಬೆಲೆಯ ಸೀಸನ್ ಕೊಂಡು ದೊಡ್ಡ ವಿನಿಮಯದ ಕನಸು ಕಾಣೋದು ವ್ಯರ್ಥ.

ಅಂಗಡಿಯವರಿಗೆ ಇನ್ನೊಂದು ತೊಡಕಿದೆ. ದಸರಾ, ದೀಪಾವಳಿ, ಮದುವೆ ಸೀಸನ್‌ನಲ್ಲಿ ಶಟರ್ ಎಳೆಯೋಕಾಗಲ್ಲ. ಬಿಡುವು ಸಿಗೋದು ಆಷಾಢದಲ್ಲಿ. ಆಗ ಬೆಟ್ಟದ ಊರುಗಳಲ್ಲಿ ಟೈಮ್‌ಶೇರ್ ಇಲ್ಲದವರಿಗೂ ಕೋಣೆ ಕಡಿಮೆ ಬಾಡಿಗೆಗೆ ಸಿಗುತ್ತೆ. ವಿನಿಮಯದ ಪೂರ್ತಿ ಲಾಭ ಇರೋದು ಎಂಟು-ಒಂಬತ್ತು ತಿಂಗಳು ಮುಂಚೆಯೇ ರಜೆ ದಿನಾಂಕ ಗೊತ್ತಿರುವವರಿಗೆ. ಮೇಷ್ಟ್ರುಗಳಿಗೆ ಅದು ಸಾಧ್ಯ, ಕಿರಾಣಿ ಅಂಗಡಿಯವರಿಗೆ ಕಷ್ಟ.

ಈಗ ದುಡ್ಡಿನ ಲೆಕ್ಕ. ಮೆಂಬರ್‌ಶಿಪ್‌ಗೆ 4 ಲಕ್ಷ ರೂಪಾಯಿ, ವರ್ಷದ ನಿರ್ವಹಣಾ ಶುಲ್ಕ 20 ಸಾವಿರ ಅಂತ ಇಟ್ಟುಕೊಳ್ಳಿ (ನಿಜವಾದ ಮೊತ್ತ ಯೋಜನೆ ನೋಡಿ ಹಾಕಿಕೊಳ್ಳಿ, ಜಿಎಸ್‌ಟಿ ಬೇರೆ). ಅದೇ 4 ಲಕ್ಷವನ್ನು ಶೇ 7ರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 28 ಸಾವಿರ ಬರುತ್ತಿತ್ತು. ಎರಡೂ ಸೇರಿ 48 ಸಾವಿರ, ಏಳು ರಾತ್ರಿಗೆ ಭಾಗಿಸಿದರೆ ರಾತ್ರಿಗೆ ಸುಮಾರು 6,850 ರೂಪಾಯಿ. ಬ್ಯಾಂಕಿನಲ್ಲಿದ್ದರೆ 25 ವರ್ಷ ಆದಮೇಲೂ ಅಸಲು ಹಾಗೇ ಇರುತ್ತೆ. ಇಲ್ಲಿ ಅವಧಿ ಮುಗಿದರೆ ಕೈಗೆ ಬರೋದು ಏನೂ ಇಲ್ಲ. ಇಎಂಐ ಮಾಡಿಕೊಂಡರಂತೂ ಇನ್ನೂ ಜಾಸ್ತಿ.

ಇದರ ಮೇಲೆ ಪ್ರತಿ ವಿನಿಮಯಕ್ಕೂ ಬೇರೆ ಶುಲ್ಕ. ವಿಮಾನ, ವೀಸಾ, ಊಟ ಎಲ್ಲವೂ ನಿಮ್ಮದೇ. ಕೆಲವು ರೆಸಾರ್ಟ್‌ಗಳಲ್ಲಿ ಊಟದ ಪ್ಯಾಕೇಜ್ ಕಡ್ಡಾಯ. ಆ ವರ್ಷ ಹೋಗದಿದ್ದರೂ ನಿರ್ವಹಣಾ ಶುಲ್ಕ ತಪ್ಪಲ್ಲ, ಅದು ಏರುತ್ತಲೂ ಇರುತ್ತೆ.

ಮುಖ್ಯವಾದ ವಿಷಯ ಬೇರೆಯೇ ಇದೆ. ನಿಮ್ಮ ಒಪ್ಪಂದ ರೆಸಾರ್ಟ್ ಕಂಪನಿ ಜೊತೆ. ವಿನಿಮಯ ಮಾಡಿಕೊಡುವುದು ಬೇರೆ ಕಂಪನಿ. ಅವರಿಬ್ಬರ ನಂಟು 25 ವರ್ಷ ಹೀಗೇ ಇರುತ್ತೆ ಅಂತ ನಿಮಗೆ ಯಾರೂ ಬರೆದುಕೊಡಲ್ಲ. ಬಾಯಿಮಾತಿನ ಬಾಲಿ ಒಪ್ಪಂದದ ಕಾಗದದಲ್ಲಿ ‘ಲಭ್ಯತೆಗೆ ಒಳಪಟ್ಟು’ ಆಗಿರುತ್ತೆ. ವಿನಿಮಯದ ಆಸೆಯೊಂದಕ್ಕೇ ಕೊಳ್ಳುವುದು ಸರಿಯಲ್ಲ ಅನ್ನೋದು ಇದಕ್ಕೇ. ಆ ಕಂಪನಿಯ ಸ್ವಂತ ರೆಸಾರ್ಟ್‌ಗಳಿಗೇ ಪ್ರತಿ ವರ್ಷ ಕುಟುಂಬ ಸಮೇತ ಹೋಗುತ್ತೇವೆ ಅನ್ನುವವರು ಯೋಚಿಸಬಹುದು. ಅಂಥವರು ಮೊದಲು ಸೆಕೆಂಡ್ ಹ್ಯಾಂಡ್ ಮೆಂಬರ್‌ಶಿಪ್ ಜಾಹೀರಾತುಗಳನ್ನು ನೋಡಲಿ. ಹೊಸದರ ರೇಟಿಗೂ ಅದಕ್ಕೂ ಇರುವ ಅಂತರ ಕಣ್ಣು ತೆರೆಸುತ್ತೆ. ವರ್ಗಾವಣೆ ಶುಲ್ಕ ಎಷ್ಟು, ವಿನಿಮಯ ಸೌಲಭ್ಯವೂ ವರ್ಗ ಆಗುತ್ತಾ ಅಂತ ಕಂಪನಿಯಿಂದಲೇ ಬರಹದಲ್ಲಿ ಪಡೆಯಬೇಕು.

ಈಗಾಗಲೇ ಸಹಿ ಹಾಕಿದವರು ಒಪ್ಪಂದದಲ್ಲಿ ರದ್ದತಿ ಅವಧಿ ಎಷ್ಟು ದಿನ ಅಂತ ಈಗಲೇ ತೆಗೆದು ನೋಡಿ. ಅವಧಿಯೊಳಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್‌ನಲ್ಲಿ ರದ್ದತಿ ಪತ್ರ ಕಳಿಸಿ, ಫೋನ್‌ನಲ್ಲಿ ಹೇಳಿ ಸುಮ್ಮನಾಗಬೇಡಿ. ತಕರಾರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮುಂಬೈ-ಚೆನ್ನೈ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ದಾಖಲಾಗಬೇಕು.