ಕುಡಿತ ಬಿಟ್ಟವರು ಮತ್ತೆ ಹಾಡಬಾರದೇ?



ಮದುವೆ, ಜಾತ್ರೆಗಳ ಕಾಲ ಹತ್ತಿರ ಬಂತೆಂದರೆ ಸಂಘದ ಸಭೆಗಳಲ್ಲಿ ಒಂದು ಪ್ರಶ್ನೆ ಬರುತ್ತದೆ. ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು, ನಡಾವಳಿ ಪುಸ್ತಕ ಮುಚ್ಚಿದ ಮೇಲೆ, ಎದ್ದು ಹೋಗುವ ಹೊತ್ತಿಗೆ ಸಣ್ಣ ದನಿಯಲ್ಲಿ ಕೇಳುವ ಪ್ರಶ್ನೆ ಇದು. “ಸಿಸ್ಟರ್, ನಮ್ಮ ಮನಿಯವರು ಕುಡಿಯೂದು ಬಿಟ್ಟು ಮೂರು ತಿಂಗಳಾತ್ರಿ. ಈಗ ಬ್ಯಾಂಡಿನವರು ಕರಿಯಾಕ ಬರಾಕತ್ತಾರ. ಕಳಸಲೋ, ಬ್ಯಾಡೋ?” ಬ್ಯಾಂಡಿನ ಬದಲು ಡೊಳ್ಳು ಇರಬಹುದು, ಹಲಗಿ ಇರಬಹುದು, ಭಜನಾ ಮೇಳ ಇರಬಹುದು, ನಾಟಕದ ಹಾರ್ಮೋನಿಯಂ ಇರಬಹುದು. ಪ್ರಶ್ನೆ ಮಾತ್ರ ಒಂದೇ.

ಕಳಿಸಿದರೆ ಮತ್ತೆ ಕುಡಿದು ಬಂದಾನು ಎಂಬ ಭಯ. ಕಳಿಸದಿದ್ದರೆ ಸೀಜನ್ನಿನ ಗಳಿಕೆ ಹೋಗುತ್ತದೆ, ಸಂಘದ ಕಂತು ನಿಲ್ಲುತ್ತದೆ, ಮೇಲಾಗಿ ಮನೆಯಲ್ಲೇ ಕೂತ ಮನುಷ್ಯ ದಿನದಿನಕ್ಕೆ ಕುಗ್ಗುತ್ತಾನೆ. ಕೆಲವರು ಸಿಟ್ಟಿಗೆದ್ದು, “ಆ ಡೊಳ್ಳನ್ನ ಮಾರಿಬಿಡತೀನ್ರಿ” ಅನ್ನುತ್ತಾರೆ. ಮಾರಬೇಡಿರಿ. ಯಾಕೆ ಅಂತ ಹೇಳುತ್ತೇನೆ.

ಅಸೂಟಿಯವರಿಗೆ ರೋಣ ಬೇರೆ ಊರಲ್ಲ, ನಮ್ಮ ತಾಲೂಕಿನ ಊರು. ಆ ರೋಣದಲ್ಲಿ 1922ರ ಫೆಬ್ರುವರಿ 4ರಂದು ಶಾಲೆಯ ಮಾಸ್ತರರೊಬ್ಬರ ಮನೆಯಲ್ಲಿ ಹುಟ್ಟಿದವರು ಪಂಡಿತ ಭೀಮಸೇನ ಜೋಶಿ. ಶುಕ್ರವಾರ ನಿಮ್ಮ ಮನೆಗಳಲ್ಲಿ, ಗುಡಿಯ ಮೈಕಿನಲ್ಲಿ ಕೇಳುವ ಪುರಂದರದಾಸರ ಪದಗಳ ಆ ಗಟ್ಟಿ ದನಿ ಅವರದೇ. ಚಿಕ್ಕವರಿದ್ದಾಗ ಮೆರವಣಿಗೆಯ ವಾದ್ಯ ಕೇಳಿದರೆ ಅದರ ಹಿಂದೆಯೇ ಹೋಗಿಬಿಡುತ್ತಿದ್ದರಂತೆ. ನಡೆದು ನಡೆದು ದಣಿದು, ಎಲ್ಲೋ ಒಂದು ಕಡೆ ಮಲಗಿಬಿಡುವುದು. ಹುಡುಕಿ ಹುಡುಕಿ ಸಾಕಾದ ತಂದೆ, ಹುಡುಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು. ಸಿಕ್ಕವರು ಓದಿ ಮನೆಗೆ ತಂದು ಬಿಡುತ್ತಿದ್ದರು. ಹನ್ನೊಂದನೇ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ರೈಲು ಹತ್ತಿ ಗ್ವಾಲಿಯರ್, ದೆಹಲಿ, ಕಲ್ಕತ್ತೆ ಎಂದು ಅಲೆದರು. ಕಡೆಗೆ ತಂದೆ ಅವರನ್ನು ಜಲಂಧರ್‌ನಲ್ಲಿ ಪತ್ತೆ ಮಾಡಿ ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯನನ್ನಾಗಿ ಒಪ್ಪಿಕೊಂಡರು. ಗುರುಗಳ ಮನೆಯಲ್ಲಿದ್ದುಕೊಂಡೇ ಕಲಿತರು. ಮುಂದೆ ದೇಶವೆಲ್ಲ ಹೆಸರಾಯಿತು, 1972ರಲ್ಲಿ ಪದ್ಮಶ್ರೀ ಬಂತು.

ಅದೇ ಎಪ್ಪತ್ತರ ದಶಕದಲ್ಲಿ ಕುಡಿತವೂ ಅವರನ್ನು ಕಾಡಿತು. ಕೆಲ ಕಾಲ ಸರಿ ಇರುವುದು, ಮತ್ತೆ ಹಿಡಿಯುವುದು, ಹೀಗೆ ನಡೆಯಿತು. ದೊಡ್ಡವರ ವಿಷಯ ಬಂದಾಗ ಇಂಥದನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ನಮ್ಮ ರೂಢಿ. ಅವರ ಮಗ ರಾಘವೇಂದ್ರ ಅವರು ತಂದೆಯ ಬಗ್ಗೆ ಪುಸ್ತಕ ಬರೆದಾಗ ಇದನ್ನು ಮುಚ್ಚಿಡಲಿಲ್ಲ. ಅದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಕುಡಿತದ ಕಾಟ ಬಡವರ ಮನೆಗೆ ಮಾತ್ರ ಬರುತ್ತದೆ, ಓದಿದವರಿಗೆ, ಹೆಸರಾದವರಿಗೆ ಬರುವುದಿಲ್ಲ ಅಂತ ನಮ್ಮ ಎಷ್ಟೋ ಹೆಣ್ಣುಮಕ್ಕಳು ನಾಚಿಕೊಂಡು ಕೂತಿರುತ್ತಾರೆ.

ಕಡೆಗೆ ಜೋಶಿಯವರು ಕುಡಿತ ಬಿಟ್ಟರು. ಬಿಟ್ಟ ಮೇಲೆ ದನಿ ಹೋಯಿತೇ? ಇಲ್ಲ. 1985ರಲ್ಲಿ ಪದ್ಮಭೂಷಣ ಬಂತು. 1988ರಲ್ಲಿ ದೂರದರ್ಶನದಲ್ಲಿ ದೇಶದ ಹಲವು ಭಾಷೆಗಳ ಒಂದು ಹಾಡು ಬರುತ್ತಿತ್ತಲ್ಲ, ಅದರ ಆರಂಭದಲ್ಲಿ ಕೇಳುವ ದನಿ ಅವರದು. 1999ರಲ್ಲಿ ಪದ್ಮವಿಭೂಷಣ, 2005ರಲ್ಲಿ ಕರ್ನಾಟಕ ರತ್ನ, 2008ರಲ್ಲಿ ಭಾರತ ರತ್ನ. ಎಂಬತ್ತು ದಾಟಿದ ಮೇಲೂ ಹಾಡಿದರು. 2011ರ ಜನವರಿ 24ರಂದು ಪುಣೆಯಲ್ಲಿ ತೀರಿಕೊಂಡರು. ಲೆಕ್ಕ ಹಾಕಿ ನೋಡಿರಿ, ಕುಡಿತದ ಆ ಕಾಲ ಕಳೆದ ಮೇಲೂ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದ್ದಾರೆ.

ಆದರೂ ನಮ್ಮ ಗಂಡಸರು ಒಂದು ಮಾತು ಬಿಡುವುದಿಲ್ಲ: “ಒಂದು ಕ್ವಾಟರ್ ಒಳಗ ಹೋದರೇನ ದನಿ ಬಿಡತೈತಿ, ಕೈ ಓಡತೈತಿ.” ಇದು ಪೂರ್ತಿ ಸುಳ್ಳು ಎಂದು ಅವರ ಜೊತೆ ಜಗಳ ಮಾಡಬೇಡಿರಿ, ಅವರಿಗೆ ಹಾಗೆ ಅನ್ನಿಸುವುದು ನಿಜ. ಯಾಕೆ ಅನ್ನಿಸುತ್ತದೆ ಎಂಬುದನ್ನು ತಿಳಿದುಕೊಳ್ಳಿರಿ. ಮದ್ಯ ಮೆದುಳನ್ನು ಮಂದ ಮಾಡುವ ವಸ್ತು. ಮೊದಲು ಮಂದವಾಗುವುದು ಅಂಜಿಕೆ, ನಾಚಿಕೆ. ಅದಕ್ಕೇ ಧೈರ್ಯ ಬಂದಂತೆ ಕಾಣುತ್ತದೆ. ಅದರ ಹಿಂದೆಯೇ ತನ್ನ ತಪ್ಪು ತನಗೆ ಗೊತ್ತಾಗುವ ಶಕ್ತಿಯೂ ಮಂದವಾಗುತ್ತದೆ. ತಾಳ ತಪ್ಪಿದ್ದು ಪಕ್ಕದವನಿಗೆ ಕೇಳುತ್ತದೆ, ಬಾರಿಸುವವನಿಗೆ ಕೇಳುವುದಿಲ್ಲ. ಗಂಟಲಿನ ಕಥೆ ಇನ್ನೂ ಕೆಟ್ಟದು: ಮದ್ಯದಿಂದ ಗಂಟಲು ಒಣಗುತ್ತದೆ, ಹೊಟ್ಟೆಯ ಹುಳಿ ಮೇಲೆ ಬಂದು ದನಿಯ ತಂತುಗಳು ಊದಿಕೊಳ್ಳುತ್ತವೆ, ಬೆಳಿಗ್ಗೆ ದನಿ ಒಡೆದಿರುತ್ತದೆ. ಇನ್ನು ಕೈ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತವೆ, ಒಂದು ಹಾಕಿದರೆ ನಿಲ್ಲುತ್ತವೆ. ಇದನ್ನೇ ಅವರು ‘ಕುಡಿದರೆ ಕೈಗೆ ಬಲ’ ಎನ್ನುವುದು. ಅದು ಬಲವಲ್ಲ. ರೂಢಿಯಾದ ದೇಹ ‘ತಾ’ ಎಂದು ಕೇಳುತ್ತಿದೆ, ಕೊಟ್ಟಾಗ ಸುಮ್ಮನಾಗುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಇದರಲ್ಲಿ ಜೀವ ಹೋಗುವ ಅಪಾಯವಿದೆ. ಹೀಗೆ ಕೈ ನಡುಗುವವರು, ವರ್ಷಗಟ್ಟಲೆ ದಿನವೂ ಕುಡಿದವರು, ಆಣೆ ಹಾಕಿ ಒಮ್ಮೆಲೇ ಮನೆಯಲ್ಲಿ ಬಿಡಬಾರದು. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಜ್ವರ, ಬೆವರು ಬಂದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ. ಊರಲ್ಲಿ ಇದನ್ನು ದೆವ್ವ ಬಡಿದದ್ದು ಎಂದು ತಿಳಿದು ತಾಯತ ಕಟ್ಟಿಸುತ್ತಾರೆ. ಇದು ದೆವ್ವವಲ್ಲ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ರೋಗ. ಡಾಕ್ಟರು ಗುಳಿಗೆ ಕೊಟ್ಟು, ವಿಟಮಿನ್ ಬಿ-1 ಇಂಜೆಕ್ಷನ್ ಕೊಟ್ಟು, ವಾರದೊಳಗೆ ಈ ಗಂಡಾಂತರ ದಾಟಿಸುತ್ತಾರೆ. ಇನ್ನೊಂದು: ‘ಗೊತ್ತಾಗದಂಗ ಊಟದಾಗ ಹಾಕಿರಿ’ ಎಂದು ಮಾರುವ ಪುಡಿ, ಗುಳಿಗೆಗಳನ್ನು ಕೊಳ್ಳಬೇಡಿರಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿ, ಎದೆಬಡಿತ ಶುರುವಾಗಿ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಅದು ಒಳ್ಳೆಯ ಔಷಧವೇ, ಆದರೆ ತೆಗೆದುಕೊಳ್ಳುವವನಿಗೆ ಗೊತ್ತಿದ್ದು, ಡಾಕ್ಟರ ಕಣ್ಣಿನಡಿ ತೆಗೆದುಕೊಳ್ಳಬೇಕು.

ಸರಿ, ಕುಡಿತ ಬಿಟ್ಟ, ಎರಡು-ಮೂರು ತಿಂಗಳು ದಾಟಿತು. ನಿದ್ದೆ ಸರಿಹೋಯಿತು, ಕೈ ನಿಂತಿತು. ಈಗ ಮತ್ತೆ ತಂಡಕ್ಕೆ ಹೋಗುವ ಮಾತು. ಇದಕ್ಕೆ ಬಹಳ ದೂರದ ಒಂದು ಉದಾಹರಣೆ ಕೊಡುತ್ತೇನೆ. ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿದ್ದೀತು.

ಅಮೆರಿಕದ ಬೋಸ್ಟನ್ ನಗರದಲ್ಲಿ 1970ರಲ್ಲಿ ‘ಏರೋಸ್ಮಿತ್’ ಎಂಬ ತಂಡ ಶುರುವಾಯಿತು. ರಾಕ್ ಬ್ಯಾಂಡ್ ಎನ್ನುತ್ತಾರೆ. ನಮ್ಮ ಆರ್ಕೆಸ್ಟ್ರಾ ಇದ್ದಂತೆ, ಆದರೆ ಹಾಡುಗಳು ಅವರವೇ, ಗಿಟಾರ್, ಡ್ರಮ್ಮಿನ ಸದ್ದು ಜೋರು. ಐದು ಜನ. ಹಣ ಬಂತು, ಹಿಂದೆಯೇ ಕುಡಿತ, ಮಾದಕ ವಸ್ತು ಬಂದವು. ಹಾಡುಗಾರ ಸ್ಟೀವನ್ ಟೈಲರ್ ಮತ್ತು ಗಿಟಾರಿನ ಜೋ ಪೆರ್ರಿ ಇಬ್ಬರಿಗೆ ಜನ ‘ವಿಷದ ಅವಳಿಗಳು’ ಎಂದೇ ಹೆಸರಿಟ್ಟಿದ್ದರು. 1979ರಲ್ಲಿ ಪೆರ್ರಿ ಜಗಳವಾಡಿ ಬಿಟ್ಟುಹೋದ, 1981ರಲ್ಲಿ ಮತ್ತೊಬ್ಬ ಹೋದ. 1984ರಲ್ಲಿ ಐವರೂ ಕೂಡಿದರು, ಆದರೆ ಚಟವೂ ಜೊತೆಗೇ ಬಂತು. ಆಮೇಲೆ ಒಬ್ಬೊಬ್ಬರಾಗಿ ಐವರೂ ಚಿಕಿತ್ಸೆಗೆ ಸೇರಿದರು. 1987ರಲ್ಲಿ ಹೊಸ ಹಾಡುಗಳ ರೆಕಾರ್ಡು ತಂದು ಊರೂರು ಪ್ರವಾಸ ಹೊರಟರು, ಮತ್ತೆ ಮೇಲೆದ್ದರು.

ನನಗೆ ಮುಖ್ಯವಾಗಿ ಕಂಡದ್ದು ಆ ಪ್ರವಾಸದ ಕಟ್ಟುಪಾಡು. 1988ರಲ್ಲಿ ಅವರಿಗಿಂತ ಮೊದಲು ವೇದಿಕೆಗೆ ಬರುತ್ತಿದ್ದ ಇನ್ನೊಂದು ತಂಡ ಕುಡಿತಕ್ಕೆ ಹೆಸರಾದದ್ದು. ಆ ಹುಡುಗರಿಗೆ ಏರೋಸ್ಮಿತ್‌ನ ವ್ಯವಸ್ಥಾಪಕರು ಹೇಳಿದ್ದಿಷ್ಟು: ನಿಮ್ಮ ಚಟ ನಿಮ್ಮ ಖೋಲಿಯೊಳಗೆ ಇರಲಿ, ಇವರ ಕಣ್ಣೆದುರು ಬೇಡ. ನೋಡಿರಿ, ಅವರು ಹಾಡುವುದನ್ನು ಬಿಡಲಿಲ್ಲ, ಹಾಡುವ ಜಾಗವನ್ನು ಸುಧಾರಿಸಿಕೊಂಡರು. ಐವರಲ್ಲಿ ಒಬ್ಬನೇ ಬಿಟ್ಟು ನಾಲ್ವರು ಕುಡಿಯುತ್ತಿದ್ದರೆ ಆ ಒಬ್ಬ ಎಷ್ಟು ದಿನ ತಡೆಯುತ್ತಿದ್ದ?

ನಮ್ಮ ಊರಿನ ತಂಡಗಳಲ್ಲಿ ಒಬ್ಬನೇ ಬಿಟ್ಟಿರುತ್ತಾನೆ. ಕಷ್ಟ ಇರುವುದೇ ಅಲ್ಲಿ. ಆದ್ದರಿಂದ ಬ್ಯಾಂಡ್ ಮಾಸ್ತರರ ಜೊತೆ ಮೊದಲು ಮಾತಾಡಬೇಕು, ಮನೆಯವರು ಒಬ್ಬರೇ ಹೋಗಿ ಅಲ್ಲ, ಅವರನ್ನು ಮುಂದಿಟ್ಟುಕೊಂಡು. ಮೊದಮೊದಲು ಹತ್ತಿರದ ಊರಿನ ಹಗಲು ಕಾರ್ಯಕ್ರಮಗಳಿಗೆ ಮಾತ್ರ ಹೋಗಲಿ. ಹೊಟ್ಟೆ ತುಂಬ ಉಂಡು ಹೋಗಲಿ, ಹಸಿದ ಹೊಟ್ಟೆ ದಾರೂನ ನೆನಪು ತರುತ್ತದೆ. ಅಪಾಯದ ಹೊತ್ತು ಯಾವುದು ಎಂದು ಕೇಳಿದರೆ ಹೆಚ್ಚಿನವರು ‘ಬಾರಿಸುವ ಮುಂಚೆ’ ಎನ್ನುತ್ತಾರೆ. ನಾನು ಕಂಡಂತೆ ಅದು ಕಾರ್ಯಕ್ರಮ ಮುಗಿದ ಮೇಲಿನ ಒಂದು ತಾಸು. ಮೈ ಬಿಸಿಯಾಗಿರುತ್ತದೆ, ಕಿಸೆಯಲ್ಲಿ ರೊಕ್ಕ ಇರುತ್ತದೆ, ಗೆಳೆಯರು ಸುತ್ತ ಕೂತಿರುತ್ತಾರೆ, ಊರಿಗೆ ಬಸ್ಸು ಇರುವುದಿಲ್ಲ. ಆ ಹೊತ್ತಿಗೆ ಅವರನ್ನು ಕರೆತರುವವರು ಯಾರು ಎಂಬುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿರಿ: ಮಗನೋ, ಮೈದುನನೋ, ಬೈಕ್ ಇದ್ದ ನೆರೆಮನೆಯವನೋ.

ಇನ್ನು ನಮ್ಮದೇ ಒಂದು ಮಾತು, ಸಿಟ್ಟಾಗಬೇಡಿರಿ. ಮದುವೆಯಲ್ಲಿ ವಾದ್ಯದವರಿಗೆ ‘ಜೋರು ಬಾರಿಸಲಿ’ ಎಂದು ಬಾಟ್ಲಿ ಕೊಡಿಸುವವರು ಯಾರು? ಬೀಗರ ಮನೆಯವರೇ, ಅಂದರೆ ನಾವೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು, ಪಾಕೀಟು ಹೋಯಿತು; ಅದರ ಜಾಗಕ್ಕೆ ಬಾಟ್ಲಿ ಬಂತು, ಪದ್ಧತಿ ಹೋಗಲಿಲ್ಲ. ನಮ್ಮ ಮನೆಯ ಮದುವೆಯಲ್ಲಿ ವಾದ್ಯದವರಿಗೆ ಊಟ, ಚಹಾ, ಪೂರ್ತಿ ರೊಕ್ಕ ಕೊಡುತ್ತೇವೆ, ಬಾಟ್ಲಿ ಕೊಡುವುದಿಲ್ಲ ಎಂದು ಒಂದು ಸಂಘದ ಸದಸ್ಯರೆಲ್ಲ ಗೊತ್ತುವಳಿ ಬರೆದರೆ, ಕುಡಿತ ಬಿಟ್ಟ ಆ ಒಬ್ಬನಿಗೆ ಅದೇ ದೊಡ್ಡ ಆಸರೆ. ಯಾರ ಗಂಡನಿಗೋಸ್ಕರ ಎಂದು ಪುಸ್ತಕದಲ್ಲಿ ಬರೆಯುವ ಅಗತ್ಯವಿಲ್ಲ.

ಇಷ್ಟೆಲ್ಲ ಮಾಡಿದರೂ ಮತ್ತೆ ಬೀಳಬಹುದು. ಆ ಟೈಲರ್ 2009ರಲ್ಲಿ ಮತ್ತೆ ಚಿಕಿತ್ಸೆಗೆ ಹೋಗಬೇಕಾಯಿತು. 2022ರಲ್ಲಿ ಕಾಲಿನ ಆಪರೇಷನ್ ನಂತರ ನೋವಿನ ಔಷಧದಿಂದ ಮತ್ತೆ ಜಾರಿದ. ಆಗ ತಂಡದವರು ಮುಚ್ಚಿಡಲಿಲ್ಲ. ಜನರಿಗೆ ತಿಳಿಸಿ ಜೂನ್, ಜುಲೈ ಕಾರ್ಯಕ್ರಮ ರದ್ದು ಮಾಡಿ, ಅವನನ್ನು ಚಿಕಿತ್ಸೆಗೆ ಕಳಿಸಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು ಮಾಡಿದರು. 2024ರಲ್ಲಿ ಅವರು ಪ್ರವಾಸ ನಿಲ್ಲಿಸಿದ್ದು ಟೈಲರ್‌ನ ಗಂಟಲಿಗೆ ಆದ ಪೆಟ್ಟಿನಿಂದ, ಕುಡಿತದಿಂದಲ್ಲ. ಸಕ್ಕರೆ ಕಾಯಿಲೆಯವರಿಗೆ ಒಮ್ಮೊಮ್ಮೆ ಸಕ್ಕರೆ ಏರುವಂತೆ ಇದೂ ಒಂದು ಏರಿಳಿತದ ಕಾಯಿಲೆ. ಬಿದ್ದ ರಾತ್ರಿ ಬಾಗಿಲಲ್ಲಿ ನಿಂತು ಬೈದು ಫಲವಿಲ್ಲ, ಮರುದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಆದರೆ ಕೈ ಎತ್ತಿದರೆ ಮಾತು ಬೇರೆ. ಆಗ ಅವನ ಕಾಯಿಲೆಗಿಂತ ನಿಮ್ಮ, ಮಕ್ಕಳ ಜೀವ ಮೊದಲು. ಪಕ್ಕದ ಮನೆಗೆ ಹೋಗಿ, 181ಕ್ಕೆ ಅಥವಾ 112ಕ್ಕೆ ಫೋನ್ ಮಾಡಿರಿ. ಅವನ ಕುಡಿತಕ್ಕೆ ನೀವು ಕಾರಣರಲ್ಲ, ಅತ್ತೆ ಏನೇ ಅನ್ನಲಿ.

‘ಜೀವಮಾನ ಪೂರ್ತಿ ಮುಟ್ಟಂಗಿಲ್ಲ’ ಎಂದು ಮೊದಲ ದಿನವೇ ಆಣೆ ಮಾಡಿಸುವುದೂ ನನಗೆ ಸರಿ ಕಾಣುವುದಿಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಮ್ಯಾಟ್ ಟಾಲ್ಬಟ್ ಎಂಬ ಹಮಾಲ ಇದ್ದ. ಹನ್ನೆರಡನೇ ವಯಸ್ಸಿಗೇ ಕುಡಿತ ಕಲಿತವನು. ಒಮ್ಮೆ ಗೆಳೆಯರ ಜೊತೆ ಸೇರಿ ಒಬ್ಬ ಕುರುಡನ ಪಿಟೀಲು ಕದ್ದು ಮಾರಿ ಕುಡಿದಿದ್ದ. 1884ರಲ್ಲಿ, 28ನೇ ವಯಸ್ಸಿನಲ್ಲಿ, ಮೂರು ತಿಂಗಳು ಮಾತ್ರ ಕುಡಿಯುವುದಿಲ್ಲ ಎಂದು ಮಾತು ಕೊಟ್ಟ. ಅದು ಮುಗಿದ ಮೇಲೆ ಆರು ತಿಂಗಳು. ಆಮೇಲೆ ಜೀವಮಾನ. 1925ರಲ್ಲಿ ಸಾಯುವವರೆಗೆ ಮತ್ತೆ ಮುಟ್ಟಲಿಲ್ಲ. ಆ ಕುರುಡನ ಋಣ ತೀರಿಸಲು ಎಷ್ಟೋ ಹುಡುಕಿದ, ಸಿಗಲಿಲ್ಲ. ನಮ್ಮ ಧರ್ಮಸಭೆ ಅವನನ್ನು 1975ರಲ್ಲಿ ಪೂಜ್ಯನೆಂದು ಸಾರಿತು. ಯಾವ ಧರ್ಮದವರಾದರೂ ಆ ಮೂರು ತಿಂಗಳ ಲೆಕ್ಕ ಬಳಸಬಹುದು.

ಸಂಘದ ಸಾಲದ ವಿಷಯ ಬೇಗ ಹೇಳುತ್ತೇನೆ. ಚಿಕಿತ್ಸೆಗೆ, ಅಡವಿಟ್ಟ ವಾದ್ಯ ಬಿಡಿಸಲು, ಡೊಳ್ಳಿನ ಚರ್ಮ ಹಾಕಿಸಲು ಸಾಲ ಕೊಡುವುದು ದುಡಿಮೆಗೆ ಕೊಟ್ಟಂತೆಯೇ. ಆದರೆ ರೊಕ್ಕವನ್ನು ಅಂಗಡಿಯವರಿಗೇ ಸಂದಾಯ ಮಾಡಿ ರಸೀದಿ ಪಡೆಯಿರಿ. ಹೊಸದಾಗಿ ಬಿಟ್ಟವರ ಕೈಗೆ ನಗದು ಕೊಡುವುದು ಅವರಿಗೇ ಭಾರ.

ಚಿಕಿತ್ಸೆಗೆ ಗದಗಿನ ಜಿಮ್ಸ್ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಹೋಗಬಹುದು, ಹೆಚ್ಚಿನ ತೊಂದರೆ ಇದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ. ಎರಡೂ ಸರಕಾರಿ ಸಂಸ್ಥೆಗಳು. ಫೋನಿನಲ್ಲೇ ಸಲಹೆ ಬೇಕಾದರೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ಖರ್ಚಿಲ್ಲ, ಹೆಂಡತಿಯೇ ಫೋನ್ ಮಾಡಿದರೂ ಮಾತಾಡುತ್ತಾರೆ. ಹೋಗುವಾಗ ಆಧಾರ್, ರೇಷನ್ ಕಾರ್ಡು, ಈಗ ತೆಗೆದುಕೊಳ್ಳುವ ಗುಳಿಗೆಗಳ ಚೀಟಿ ಇರಲಿ. ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ ಕುಡಿದರು ಎಂದು ಡಾಕ್ಟರು ಕೇಳುತ್ತಾರೆ, ಮರೆಮಾಚದೆ ಹೇಳಿರಿ.