ಒಂದಗುಳಿನಿಂದ ಊರಿನ ಆರೋಗ್ಯ

ಕಾಲರಾ, ಮಲೇರಿಯಾಗಳಂಥ ಸಾಂಕ್ರಾಮಿಕ ರೋಗಗಳು ಸದ್ದು ಮಾಡಿಕೊಂಡೇ ಬರುತ್ತವೆ. ವಾಂತಿ, ಭೇದಿ, ಜ್ವರ ಕಾಣಿಸಿಕೊಂಡವರು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿನ ದಾಖಲೆಗಳನ್ನು ನೋಡಿದರೆ ಊರಿನಲ್ಲಿ ರೋಗ ಎಷ್ಟಿದೆಯೆಂಬ ಅಂದಾಜು ಸಿಗುತ್ತದೆ. ಆದರೆ ಜನ ಬಿ.ಪಿ. ಎಂದು ಕರೆಯುವ ಅಧಿಕ ರಕ್ತದೊತ್ತಡದ ವಿಷಯ ಹಾಗಲ್ಲ. ಅದು ವರ್ಷಗಟ್ಟಲೆ ಯಾವ ನೋವನ್ನೂ ಕೊಡದೆ ದೇಹದೊಳಗಿರಬಲ್ಲದು. ಕೆಲವರಲ್ಲಿ ಪಾರ್ಶ್ವವಾಯು ಅಥವಾ ಹೃದಯಾಘಾತವೇ ಅದರ ಮೊದಲ ಸೂಚನೆ. ಆಸ್ಪತ್ರೆಯ ದಾಖಲೆಯಲ್ಲಿ ಇಂಥವರ ಹೆಸರೇ ಇರುವುದಿಲ್ಲ.

ಹಾಗಾದರೆ ತುಮಕೂರು ನಗರದಲ್ಲಿ, ಗುಬ್ಬಿ ಅಥವಾ ಕುಣಿಗಲ್ಲಿನ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಬಿ.ಪಿ. ಇದೆ ಎಂದು ತಿಳಿಯುವುದು ಹೇಗೆ? ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ, ಜನರ ಮನೆಗೇ ಹೋಗಿ ಅಳೆಯಬೇಕು. ಇದೇ ಜನಸಮುದಾಯ ಸಮೀಕ್ಷೆ.

ನೂರರಲ್ಲಿ ಇಪ್ಪತ್ತೆಂಟು

ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 2017-18ರಲ್ಲಿ ರಾಷ್ಟ್ರಮಟ್ಟದ ಅಸಾಂಕ್ರಾಮಿಕ ರೋಗ ಸಮೀಕ್ಷೆಯೊಂದು ನಡೆಯಿತು. ಅದರಂತೆ 18ರಿಂದ 69 ವರ್ಷದವರಲ್ಲಿ ಶೇ. 28.5 ಮಂದಿಗೆ ಅಧಿಕ ರಕ್ತದೊತ್ತಡವಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹೀಗೆ ರಕ್ತದೊತ್ತಡ ಹೆಚ್ಚಿದ್ದವರಲ್ಲಿ ತಮಗೆ ಅದು ಇದೆಯೆಂದು ತಿಳಿದಿದ್ದವರು ಶೇ. 27.9 ಮಾತ್ರ. ಚಿಕಿತ್ಸೆ ಪಡೆಯುತ್ತಿದ್ದವರು ಶೇ. 14.5, ಒತ್ತಡ ಹತೋಟಿಯಲ್ಲಿದ್ದವರು ಶೇ. 12.6. ಅಂದರೆ ಬಿ.ಪಿ. ಇರುವ ನೂರು ಜನರಲ್ಲಿ ಸುಮಾರು 72 ಮಂದಿಗೆ ಅದರ ಅರಿವೇ ಇರಲಿಲ್ಲ. ಯಾವ ಆಸ್ಪತ್ರೆಯ ಅಂಕಿಅಂಶವೂ ಈ 72 ಮಂದಿಯನ್ನು ತೋರಿಸಲಾರದು.

ಇಂಥ ಸಮೀಕ್ಷೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಮೂರು ಹಂತಗಳ ವಿಧಾನವೊಂದನ್ನು ರೂಪಿಸಿದೆ. ಮೊದಲ ಹಂತದಲ್ಲಿ ಪ್ರಶ್ನೆಗಳು: ತಂಬಾಕು, ಮದ್ಯ, ಆಹಾರ, ದೈಹಿಕ ಶ್ರಮ. ಎರಡನೆಯದರಲ್ಲಿ ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ. ಮೂರನೆಯದು ರಕ್ತ ಪರೀಕ್ಷೆ. ರೋಗದ ಜೊತೆಗೆ ರೋಗಕ್ಕೆ ದಾರಿ ಮಾಡುವ ಅಭ್ಯಾಸಗಳನ್ನೂ ಅಳೆಯುವುದು ಇದರ ವಿಶೇಷ. ರೋಗ ಇಪ್ಪತ್ತು ವರ್ಷದ ನಂತರ ಕಾಣಿಸಿಕೊಳ್ಳಬಹುದು; ಅಭ್ಯಾಸವನ್ನು ಇಂದೇ ಕಾಣಬಹುದು.

ಎಷ್ಟು ಜನರನ್ನು ಅಳೆದರೆ ಸಾಕು?

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳನ್ನು ಹಿಸುಕಿದರೆ ಸಾಕು. ಪಾತ್ರೆಯ ಎಲ್ಲ ಅಗುಳುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಮನುಷ್ಯರು ಹಾಗಲ್ಲ, ಆದ್ದರಿಂದ ಹಲವರನ್ನು, ಅದೂ ಯಾದೃಚ್ಛಿಕವಾಗಿ, ಆರಿಸಬೇಕಾಗುತ್ತದೆ.

ಭೌತಶಾಸ್ತ್ರದ ಪ್ರಯೋಗದಲ್ಲಿ ಅಳತೆಯನ್ನು ಮತ್ತೆ ಮತ್ತೆ ಮಾಡಿದಾಗ ಸರಾಸರಿಯ ದೋಷ ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಕಡಿಮೆಯಾಗುವುದು ನಿಮಗೆ ಗೊತ್ತು. ಇಲ್ಲಿಯೂ ಅದೇ ನಿಯಮ. ಬಿ.ಪಿ. ಪ್ರಮಾಣ ಶೇ. 25 ಎಂದುಕೊಳ್ಳೋಣ. 0.25ನ್ನು 0.75ರಿಂದ ಗುಣಿಸಿ, ಜನರ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 1.96ರಿಂದ ಗುಣಿಸಿ. 1000 ಜನರನ್ನು ಅಳೆದಿದ್ದರೆ ದೋಷಮಿತಿ ಸುಮಾರು ±2.7 ಶೇಕಡಾಂಶ, 100 ಜನರಾದರೆ ±8.5. ದೋಷ ಅರ್ಧವಾಗಬೇಕೆಂದರೆ ಜನರ ಸಂಖ್ಯೆ ನಾಲ್ಕು ಪಟ್ಟಾಗಬೇಕು.

ಇದರ ಪರಿಣಾಮವನ್ನು ನಮ್ಮ ಜಿಲ್ಲೆಯಲ್ಲೇ ನೋಡಿ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 707 ಜಿಲ್ಲೆಗಳ 6,36,699 ಮನೆಗಳನ್ನು ಸಂದರ್ಶಿಸಿತು. ಸರಾಸರಿ ಜಿಲ್ಲೆಗೆ ಸುಮಾರು 900 ಮನೆ. ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಈ ಸರಾಸರಿಯಂತೆ ಪ್ರತಿ ತಾಲ್ಲೂಕಿಗೆ ಬರುವುದು ತೊಂಬತ್ತೇ ಮನೆ. ಒಂದು ಕಾಲ್ಪನಿಕ ಉದಾಹರಣೆ: ಗುಬ್ಬಿಯಲ್ಲಿ 100ಕ್ಕೆ 24, ಕುಣಿಗಲ್ಲಿನಲ್ಲಿ 100ಕ್ಕೆ 30 ಮಂದಿಗೆ ಬಿ.ಪಿ. ಕಂಡುಬಂತೆನ್ನಿ. ‘ಕುಣಿಗಲ್ಲಿನಲ್ಲಿ ರೋಗ ಹೆಚ್ಚು’ ಎನ್ನಬಹುದೇ? ಇಲ್ಲ. ಆರು ಶೇಕಡಾಂಶದ ಈ ಅಂತರ ಕೇವಲ ಆಕಸ್ಮಿಕವಾಗಿಯೂ ಬರಬಹುದು. ಮೇಲಾಗಿ ಸಮೀಕ್ಷೆಗೆ ಮೊದಲು ಹಳ್ಳಿಗಳನ್ನು, ನಂತರ ಮನೆಗಳನ್ನು ಆರಿಸುತ್ತಾರೆ. ಒಂದೇ ಹಳ್ಳಿಯವರ ಊಟ, ದುಡಿಮೆಗಳಲ್ಲಿ ಹೋಲಿಕೆಯಿರುವುದರಿಂದ ನಿಜವಾದ ದೋಷ ಇನ್ನೂ ಸ್ವಲ್ಪ ಹೆಚ್ಚು. ಜಿಲ್ಲೆಗೆಂದು ಮಾಡಿದ ಸಮೀಕ್ಷೆಯಿಂದ ತಾಲ್ಲೂಕಿನ ತೀರ್ಪು ಕೊಡಬಾರದು.

ಸಂಖ್ಯೆ ಹೆಚ್ಚಿಸಿದರೂ ಹೋಗದ ದೋಷ

ಸೊನ್ನೆ ತಪ್ಪಿದ ವರ್ನಿಯರ್ ಕ್ಯಾಲಿಪರಿನಲ್ಲಿ ಸಾವಿರ ಸಲ ಅಳೆದರೂ ಉತ್ತರ ತಪ್ಪೇ. ಸಮೀಕ್ಷೆಯಲ್ಲೂ ಇಂಥ ವ್ಯವಸ್ಥಿತ ದೋಷಗಳಿವೆ. ಹಗಲು ಹನ್ನೊಂದಕ್ಕೆ ಹೋದರೆ ತೋಟಕ್ಕೆ, ಕಾರ್ಖಾನೆಗೆ ಹೋದವರು ಸಿಗುವುದಿಲ್ಲ. ಉಚಿತ ತಪಾಸಣಾ ಶಿಬಿರಕ್ಕೆ ತಾವಾಗಿ ಬಂದವರ ಲೆಕ್ಕ ಇಡೀ ಊರಿನ ಲೆಕ್ಕವಲ್ಲ. ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರು ‘ಬರೀ ಎಲೆ ಅಡಿಕೆ’ ಎನ್ನಬಹುದು. ಅಳೆಯಲು ಬಂದವರನ್ನು ಕಂಡ ಗಾಬರಿಗೇ ಒತ್ತಡ ಏರಬಹುದು. ಅದಕ್ಕಾಗಿಯೇ ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ ತೆಗೆದುಕೊಳ್ಳುತ್ತಾರೆ.

ಎರಡು ಸಮೀಕ್ಷೆಗಳನ್ನು ಹೋಲಿಸುವಾಗಲೂ ಎಚ್ಚರವಿರಲಿ. ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಅಧಿಕ ರಕ್ತದೊತ್ತಡ ಮಹಿಳೆಯರಲ್ಲಿ ಶೇ. 21.3, ಪುರುಷರಲ್ಲಿ ಶೇ. 24.0. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಅಧ್ಯಯನ 2023ರಲ್ಲಿ ಪ್ರಕಟಿಸಿದ ಸಂಖ್ಯೆ ಶೇ. 35.5. ಮೊದಲನೆಯದು 15 ವರ್ಷದಿಂದ, ಎರಡನೆಯದು 20 ವರ್ಷದಿಂದ ಮೇಲ್ಪಟ್ಟವರದು. ಅಳೆದ ಕಾಲವೂ ಬೇರೆ. ಪ್ರಶ್ನೆ, ವಯಸ್ಸು, ವಿಧಾನ ಮೂರೂ ಒಂದೇ ಆಗಿದ್ದಾಗ ಮಾತ್ರ ಬದಲಾವಣೆಯನ್ನು ನಂಬಬಹುದು. ಹಾಗೆ ಒಂದೇ ಕ್ರಮದಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, 2009-10ರಲ್ಲಿ ಶೇ. 34.6 ಇದ್ದ ದೇಶದ ತಂಬಾಕು ಬಳಕೆ 2016-17ರ ಹೊತ್ತಿಗೆ ಶೇ. 28.6ಕ್ಕೆ ಇಳಿದಿರುವುದು ಕಂಡುಬಂತು.

ತರಗತಿಯಲ್ಲಿ ಮಾಡಿ ನೋಡಿ

ಒಂದು ಚೀಲದಲ್ಲಿ 1000 ಹುಣಸೆ ಬೀಜ ಹಾಕಿ. ಅವುಗಳಲ್ಲಿ 250ಕ್ಕೆ ಬಣ್ಣದ ಗುರುತಿರಲಿ. ಚೆನ್ನಾಗಿ ಕಲಕಿ, ನೋಡದೆ 25 ಬೀಜ ತೆಗೆದು ಗುರುತಿರುವುವನ್ನು ಎಣಿಸಿ ಮರಳಿ ಹಾಕಿ. ಹೀಗೆ ಇಪ್ಪತ್ತು ಸಲ ಮಾಡಿ. ನಂತರ ಪ್ರತಿ ಸಲ 100ರಂತೆ ತೆಗೆಯಿರಿ. ಶೇಕಡಾವಾರು ಉತ್ತರಗಳ ಹರಡಿಕೆ ಸುಮಾರು ಅರ್ಧಕ್ಕೆ ಇಳಿಯುವುದನ್ನು ವಿದ್ಯಾರ್ಥಿಗಳೇ ಕಾಣುವರು. ಆಮೇಲೆ ಕಲಕದೆ ಮೇಲಿನವನ್ನೇ ತೆಗೆದರೆ ಏನಾಗುತ್ತದೆಂದೂ ನೋಡಲಿ.

ಕೊನೆಗೊಂದು ಮಾತು. ಸಮೀಕ್ಷೆ ಹೇಳುವುದು ಊರಿನ ಸ್ಥಿತಿಯನ್ನು, ನಿಮ್ಮ ಸ್ಥಿತಿಯನ್ನಲ್ಲ. 30 ವರ್ಷ ದಾಟಿದವರ ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದ ಕಾಯಿಲೆಗಳ ಬಗ್ಗೆ ಆಶಾ ಕಾರ್ಯಕರ್ತೆ ನಮೂನೆ ತುಂಬಿಸಿಕೊಳ್ಳುವುದು ಆ ಇನ್ನೊಂದು ಕೆಲಸಕ್ಕೆ, ಅಪಾಯದಲ್ಲಿರುವ ವ್ಯಕ್ತಿಯನ್ನೇ ಗುರುತಿಸುವುದಕ್ಕೆ. ಅವರು ಮನೆಗೆ ಬಂದಾಗ ನಿಜವನ್ನೇ ಹೇಳಿ. ನಿಮ್ಮ ಮನೆಯ ಹಿರಿಯರ ರಕ್ತದೊತ್ತಡವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಸಿ. ಅರಿವಿಲ್ಲದ ಆ 72 ಮಂದಿಯಲ್ಲಿ ಒಬ್ಬರಾದರೂ ಕಡಿಮೆಯಾಗಲಿ.